ಬೀದರ ಸೀಮೆಯ ಹಳೆಯ ಬರಹರೂಪಗಳು ಮತ್ತು ಗಣಕದ ಅಕ್ಷರವಿನ್ಯಾಸ

ಕನ್ನಡದಲ್ಲಿ ಲಿಪಿಯ ಅಧ್ಯಯನವು ಬಹುಮಟ್ಟಿಗೆ ಶಾಸನಶಾಸ್ತ್ರದ ಅಂಗವಾಗಿಯೇ ಬೆಳೆದುಬಂದಿದೆ. ಶಾಸನಗಳ ಕಾಲನಿರ್ಣಯಕ್ಕಾಗಿ, ಪಾಠನಿರ್ಣಯಕ್ಕಾಗಿ ಅಕ್ಷರಗಳ ಆಕಾರವನ್ನು ಸೂಕ್ಷ್ಮವಾಗಿ ಪರಿಶೀಲಿಸಿದ ವಿದ್ವಾಂಸರ ದೊಡ್ಡ ಪರಂಪರೆಯೇ ನಮ್ಮಲ್ಲಿದೆ. ಕಾಗದ, ಕಡತ, ಹೆಂಚು, ಗೋಡೆ ಮತ್ತು ಲೋಹಗಳ ಮೇಲಿನ ಬರಹ, ಆ ಬರಹವನ್ನು ಮೂಡಿಸಿದ ಕೈ, ಆ ಕೈಯ ಹಿಂದಿನ ಕಸುಬು ಮತ್ತು ನಂಬಿಕೆ ಇವುಗಳ ಕಡೆಗೆ ಹರಿದ ಗಮನ ಅದಕ್ಕೆ ಹೋಲಿಸಿದರೆ ಕಡಿಮೆ. ಹಳೆಯ ಲಿಪಿಗಳು ಒಂದೊಂದಾಗಿ ಗಣಕದ ಫಾಂಟುಗಳಾಗಿ ಮರುಹುಟ್ಟು ಪಡೆಯುತ್ತಿರುವ ಇಂದಿನ ಸಂದರ್ಭದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಫಾಂಟು ಎಂದರೆ ಒಂದು ನಿರ್ದಿಷ್ಟ ಕೈಬರಹದ ಸ್ಥಿರರೂಪ. ಹಾಗಾದರೆ ಅದು ಯಾರ ಕೈ, ಯಾವ ಊರಿನ ಕೈ, ಯಾವ ಕಾಲದ ಕೈ ಎಂಬ ಪ್ರಶ್ನೆಗಳು ಏಳುತ್ತವೆ. ಬೀದರ ನಗರ, ಭಾಲ್ಕಿ ಮತ್ತು ಔರಾದ ಪ್ರದೇಶಗಳ ಬರಹಪರಂಪರೆಯನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬೀದರ ಸೀಮೆಯ ಲಿಪಿಸಂದರ್ಭ

ಬೀದರ ಸೀಮೆಯು ಹಲವು ಭಾಷೆಗಳ ನೆಲವಾಗಿರುವಂತೆಯೇ ಹಲವು ಲಿಪಿಗಳ ನೆಲವೂ ಆಗಿದೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಈ ಜಿಲ್ಲೆಯ ಉದ್ದಗಲಕ್ಕೂ ದೊರೆಯುತ್ತವೆ. ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಸುಂದರಿಯ ಶಿಲ್ಪವೊಂದಿದ್ದು, ಅವಳ ಕೈಯಲ್ಲಿ ಮೂಡುತ್ತಿರುವ ಬರಹವು ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯಾಗಿದೆ. ಬರೆಯುವ ಕ್ರಿಯೆಯನ್ನೇ ಶಿಲ್ಪದ ವಸ್ತುವಾಗಿಸಿಕೊಂಡ ಈ ಉದಾಹರಣೆಯು ಈ ನೆಲದಲ್ಲಿ ಅಕ್ಷರಕ್ಕಿದ್ದ ಗೌರವವನ್ನು ಸೂಚಿಸುತ್ತದೆ.

15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಷಾ (ಆಳ್ವಿಕೆ 1422–1436) ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ಬದಲಾಯಿಸಿದನು. ಅಲ್ಲಿಂದ ಮುಂದೆ ಅರಬ್ಬಿ ಮತ್ತು ಪಾರಸಿ ಬರಹಗಳು ನಗರದ ಗೋಡೆಗಳ ಮೇಲೆ ಸ್ಥಾನ ಪಡೆದವು. ಅಷ್ಟೂರಿನಲ್ಲಿರುವ ಅಹ್ಮದ್ ಷಾನ ಗೋರಿಯ ಒಳಭಾಗದಲ್ಲಿ ಕೂಫಿ, ನಸ್ಖ್, ತುಗ್ರಾ ಮೊದಲಾದ ಶೈಲಿಗಳ ಬಣ್ಣದ ಬರಹವಿದೆ. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಸಿಗುವ ಹಜರತ್ ಖಲೀಲುಲ್ಲಾ ಚೌಖಂಡಿಯ ಬಾಗಿಲ ಮೇಲೆ ಕಪ್ಪು ಕಲ್ಲಿನಲ್ಲಿ ಕೊರೆದ ಸುಲುಸ್ ಶೈಲಿಯ ಬರಹವಿದ್ದು, ಅದರಲ್ಲಿ ಮುಘೀಸ್ ಅಲ್‌ಖಾರಿ ಅಲ್‌ಶೀರಾಜಿ ಎಂಬ ಲಿಪಿಕಾರನ ಹೆಸರು ಉಳಿದುಬಂದಿದೆ. 1472ರಲ್ಲಿ ಪೂರ್ಣಗೊಂಡ ಮಹಮೂದ್ ಗಾವಾನನ ಮದರಸಾದ ಮುಂಭಾಗದಲ್ಲಿ ಬಣ್ಣದ ಹೆಂಚುಗಳಿಂದ ಜೋಡಿಸಿದ ಬರಹಪಟ್ಟಿಯ ಭಾಗಗಳು ಇಂದಿಗೂ ಕಾಣಸಿಗುತ್ತವೆ. ಬರೀದ್‌ಶಾಹಿ ಅರಸ ಅಲಿ ಬರೀದ್ (ಆಳ್ವಿಕೆ 1542–1580) ಕಾಲದಲ್ಲಿ ಅಲಂಕೃತವಾದ ಕೋಟೆಯ ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ಕರಿಕಲ್ಲಿನಲ್ಲಿ ಕೂಡಿಸಲಾಗಿದೆ. ಗುಲಾಂ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಇತಿಹಾಸ ಮತ್ತು ಸ್ಮಾರಕಗಳ ಕುರಿತ ಗ್ರಂಥವು ಈ ಬರಹಗಳ ಅಧ್ಯಯನಕ್ಕೆ ಇಂದಿಗೂ ಮುಖ್ಯ ಆಕರವಾಗಿದೆ.

ಅರಮನೆ ಮತ್ತು ಗೋರಿಗಳ ಈ ಬರಹದ ಜೊತೆಯಲ್ಲಿಯೇ ಊರಾಡಳಿತದ ಬರಹವೊಂದು ಬೆಳೆಯಿತು. ಕುಲಕರ್ಣಿ, ದೇಶಪಾಂಡೆ, ದೇಶಮುಖ, ಪಾಟೀಲ ಮನೆತನಗಳ ಸನದು, ಕೌಲು, ಇನಾಮು, ವತನದ ಕಾಗದಗಳು ಈ ವರ್ಗಕ್ಕೆ ಸೇರುತ್ತವೆ. ಮರಾಠಿ ಮಾತು ಹೆಚ್ಚು ಬಳಕೆಯಲ್ಲಿರುವ ಭಾಲ್ಕಿ ಮತ್ತು ಔರಾದ ಭಾಗದಲ್ಲಿ ಇಂತಹ ಕಾಗದಗಳ ಲಿಪಿ ಬಹುತೇಕ ಮೋಡಿ. ಬರೀದ್‌ಶಾಹಿಯ ನಂತರ 1619ರಲ್ಲಿ ಬೀದರವು ವಿಜಯಪುರದ ಆದಿಲ್‌ಶಾಹಿಗೂ, 1657ರಲ್ಲಿ ಮೊಘಲರಿಗೂ, 18ನೆಯ ಶತಮಾನದಲ್ಲಿ ಹೈದರಾಬಾದಿನ ಅಸಫಜಾಹಿಗಳಿಗೂ ಸೇರಿತು. ಅರಸೊತ್ತಿಗೆಗಳು ಬದಲಾದರೂ ಊರ ಲೆಕ್ಕಿಗನ ಲೇಖನಿ ಬದಲಾಗಲಿಲ್ಲ.

ಹೈದರಾಬಾದ ಸಂಸ್ಥಾನದಲ್ಲಿ 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಮೇಲಿನ ಕಚೇರಿಯಲ್ಲಿ ನಸ್ತಾಲೀಖ್ ಶೈಲಿಯ ಉರ್ದು, ಊರಿನ ಲೆಕ್ಕದಲ್ಲಿ ಮೋಡಿ, ಮಠಮಾನ್ಯಗಳಲ್ಲಿ ಕನ್ನಡ ಎಂಬ ಶ್ರೇಣಿಯೊಂದು ಏರ್ಪಟ್ಟಿತು. ಲಿಪಿ ಇಲ್ಲಿ ಅಧಿಕಾರದ ಗುರುತೂ ಆಗಿತ್ತು. ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠದ ಪೀಠವನ್ನೇರಿದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತಾಗಿದೆ. ಯಾವ ಅಕ್ಷರವನ್ನು ಹೊರಗೆ ತೋರಿಸಬೇಕು, ಯಾವುದನ್ನು ಒಳಗೆ ಉಳಿಸಿಕೊಳ್ಳಬೇಕು ಎಂಬುದು ಈ ಸೀಮೆಯ ಜನರಿಗೆ ಬದುಕಿನ ಪ್ರಶ್ನೆಯಾಗಿದ್ದಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆಯೂ ಹಂಚಿಹೋಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೂ, ಉದಗೀರ, ಅಹ್ಮದಪುರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ ಮತ್ತು ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೂ ಸೇರಿದವು. ಒಂದೇ ಕಚೇರಿಯ ಅಡಿಯಲ್ಲಿ ಹುಟ್ಟಿದ ಕಾಗದಗಳು ಮೂರು ರಾಜ್ಯಗಳ ಪಾಲಾದವು. ಮೋಡಿ ಓದುವ ವಿದ್ಯೆಯನ್ನು ಮಹಾರಾಷ್ಟ್ರದ ಪುರಾಭಿಲೇಖ ಇಲಾಖೆ ಮತ್ತು ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಂತಹ (ಸ್ಥಾಪನೆ 1910) ಸಂಸ್ಥೆಗಳು ಕಾಪಾಡಿಕೊಂಡು ಬಂದವು. ಗಡಿಯ ಈಚೆ ಉಳಿದ ಕಾಗದಗಳನ್ನು ‘ಮರಾಠಿಯವು’ ಎಂದು ಬದಿಗಿರಿಸುವುದು ಸುಲಭವಾಯಿತು. ವಾಸ್ತವದಲ್ಲಿ ಅವು ಕರ್ನಾಟಕದ ಹೊಲಗದ್ದೆಗಳ, ಮನೆತನಗಳ, ದೇವಸ್ಥಾನಗಳ ಮತ್ತು ದರ್ಗಾಗಳ ಚರಿತ್ರೆ.

2. ಬರಹದ ಬಗೆಗಿನ ಜನಪದ ಭಾವನೆ

ಈ ಬರಹಗಳನ್ನು ಕೇವಲ ದಾಖಲೆಗಳೆಂದು ನೋಡುವುದು ಅಪೂರ್ಣವಾಗುತ್ತದೆ. ಓದಲು ಬಾರದವರ ಬದುಕಿನಲ್ಲಿಯೂ ಬರಹಕ್ಕೆ ಸ್ಥಾನವಿದೆ. ಕೂಸು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ ಸೆಟವಿ ಬಂದು ಹಣೆಬರಹ ಬರೆಯುತ್ತಾಳೆ ಎಂಬ ನಂಬಿಕೆ ಉತ್ತರ ಕರ್ನಾಟಕ ಮತ್ತು ಮರಾಠವಾಡಗಳೆರಡರಲ್ಲಿಯೂ ಇದೆ. ಅವಳಿಗಾಗಿ ಕಾಗದ ಮತ್ತು ಲೇಖನಿಯನ್ನು ಇಡುವ ರೂಢಿಯೂ ಉಂಟು. ಅವಳು ಬರೆದುದನ್ನು ಯಾರೂ ಓದಲಾರರು, ಆದರೆ ಅದು ನಡೆಯದೆ ಬಿಡದು. ದರ್ಗಾದಿಂದ ತಂದು ಕೊರಳಿಗೆ ಕಟ್ಟುವ ತಾಯಿತದ ಚೀಟಿ, ಹೊಸ ಮನೆಯ ಬಾಗಿಲಿಗೆ ಬಡಿಯುವ ತಾಮ್ರದ ಯಂತ್ರ ಇವುಗಳಲ್ಲಿಯೂ ಅಕ್ಷರದ ಶಕ್ತಿ ಅದರ ಆಕಾರದಲ್ಲಿದೆ, ಓದಿನಲ್ಲಿಲ್ಲ.

ಅಷ್ಟೂರಿನ ಅಹ್ಮದ್ ಷಾ ವಲಿಯ ಗೋರಿಯೂ ಇದಕ್ಕೆ ನಿದರ್ಶನ. ಲಿಂಗಾಯತ ಭಕ್ತರು ಆತನನ್ನು ಅಲ್ಲಮಪ್ರಭುವಿನ ಸ್ವರೂಪವೆಂದು ಭಾವಿಸುತ್ತಾರೆ. ಅಲ್ಲಿಯ ಉರುಸಿನಲ್ಲಿ ಕಲಬುರಗಿ ಭಾಗದಿಂದ ಬರುವ ಜಂಗಮರಿಗೆ ವಿಶೇಷ ಸ್ಥಾನವಿದೆ. ಗುಮ್ಮಟದ ಒಳಗಿನ ಅರಬ್ಬಿ ಬರಹವನ್ನು ಓದಲಾರದ ಭಕ್ತನೂ ಅದರ ಕೆಳಗೆ ಕೈಮುಗಿದು ನಿಲ್ಲುತ್ತಾನೆ.

‘ಮೋಡಿ’ ಎಂಬ ಮಾತಿನಲ್ಲಿಯೇ ಈ ಎರಡು ಅರ್ಥಗಳು ಕೂಡಿಕೊಂಡಿರುವುದು ಕುತೂಹಲಕರ. ಮರಾಠಿಯಲ್ಲಿ ಈ ಹೆಸರನ್ನು ‘ಮುರಿ, ಬಾಗಿಸು’ ಎಂಬ ಅರ್ಥದ ‘ಮೋಡಣೇ’ ಧಾತುವಿಗೆ ಜೋಡಿಸುತ್ತಾರೆ. ಕನ್ನಡದಲ್ಲಿ ಕೂಡಿಸಿ ಬರೆದ ಶೀಘ್ರಬರಹಕ್ಕೂ ಮೋಡಿ ಎಂಬ ಹೆಸರಿದೆ. ಮಾಟ, ಮರುಳು ಎಂಬ ಅರ್ಥವೂ ಅದಕ್ಕಿದೆ. ಜನಪದ ಪ್ರದರ್ಶನವಾದ ಮೋಡಿ ಆಟದಲ್ಲಿ ಒಬ್ಬನು ಒಡ್ಡಿದ ಕಟ್ಟನ್ನು ಇನ್ನೊಬ್ಬನು ಮುರಿಯಬೇಕು. ಇವೆರಡು ಪದಗಳ ಮೂಲ ಒಂದೇ ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಲೆಕ್ಕಿಗನ ಬರಹವು ರೈತನಿಗೆ ಬಿಡಿಸಲಾರದ ಕಟ್ಟಿನಂತೆ ಕಂಡಿರುವುದು ಸಹಜ ಎಂಬುದನ್ನು ಮಾತ್ರ ಗಮನಿಸಬೇಕು. ಭೂಮಿಯ ಒಡೆತನವನ್ನು ನಿರ್ಧರಿಸುವ ಕಾಗದ ಮನೆಯ ಪೆಟ್ಟಿಗೆಯಲ್ಲಿದ್ದೂ ಮನೆಯವರಿಗೆ ಅದು ಓದಲು ಬಾರದು ಎಂಬ ಸ್ಥಿತಿ ಅಂದಿನದು ಮಾತ್ರವಲ್ಲ, ಇಂದಿನದೂ ಹೌದು. ಅಂದು ಓದಬಲ್ಲವನು ಊರಿನಲ್ಲಿಯೇ ಇದ್ದನು ಎಂಬುದಷ್ಟೇ ವ್ಯತ್ಯಾಸ.

3. ಲಿಪಿ, ಶೈಲಿ ಮತ್ತು ಸಂಕೇತ

ಹಳೆಯ ಬರಹವನ್ನು ಗಣಕಕ್ಕೆ ತರುವಲ್ಲಿ ಎರಡು ಹಂತಗಳಿವೆ. ಮೊದಲನೆಯದು ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯಾಸಂಕೇತವನ್ನು ನಿಗದಿಪಡಿಸುವುದು. ಜಗತ್ತಿನ ಲಿಪಿಗಳಿಗೆಲ್ಲ ಈ ಸಂಕೇತಗಳನ್ನು ಗೊತ್ತುಪಡಿಸುವ ಮಾನಕವೇ ಯೂನಿಕೋಡ್. ಎರಡನೆಯದು ಆ ಸಂಕೇತಕ್ಕೆ ಕಣ್ಣಿಗೆ ಕಾಣುವ ಆಕೃತಿಯನ್ನು ಕೊಡುವುದು. ಇದು ಫಾಂಟಿನ ಕೆಲಸ. ‘ಕ’ ಎಂಬ ಅಕ್ಷರಕ್ಕೆ ಸಂಕೇತ ಒಂದೇ, ಆಕೃತಿಗಳು ಅಸಂಖ್ಯ. ಹೀಗಾಗಿ ಒಂದು ಹಳೆಯ ಬರಹರೂಪವು ಎದುರಾದಾಗ ಮೊದಲು ಕೇಳಬೇಕಾದುದು ಇದು ಪ್ರತ್ಯೇಕ ಲಿಪಿಯೇ ಅಥವಾ ಇರುವ ಲಿಪಿಯ ಒಂದು ಶೈಲಿಯೇ ಎಂಬುದನ್ನು. ಪ್ರತ್ಯೇಕ ಲಿಪಿಯಾದರೆ ಯೂನಿಕೋಡ್ ಅದಕ್ಕೆ ಸಂಕೇತಗಳ ಮನೆ ಕಟ್ಟಿಕೊಡುತ್ತದೆ. ಶೈಲಿಯಾದರೆ ಅದರ ಉಳಿವು ಫಾಂಟು ತಯಾರಕನ ಆಸಕ್ತಿಯನ್ನೇ ಅವಲಂಬಿಸಿರುತ್ತದೆ.

ಈ ಭೇದವನ್ನು ಸ್ಪಷ್ಟಪಡಿಸಲು ಯುರೋಪಿನ ಜರ್ಮಾನಿಕ್ ಭಾಷೆಗಳ ಉದಾಹರಣೆ ಉಪಯುಕ್ತವಾಗಿದೆ. ಆ ಭಾಷೆಗಳ ಅತ್ಯಂತ ಹಳೆಯ ಬರಹವಾದ ರೂನ್ ಅಕ್ಷರಗಳು 1999ರಲ್ಲಿ ಯೂನಿಕೋಡಿನ 3.0 ಆವೃತ್ತಿಯಲ್ಲಿ ಪ್ರತ್ಯೇಕ ಲಿಪಿಯಾಗಿ ಸೇರಿದವು. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನು ಬೈಬಲಿನ ಅನುವಾದಕ್ಕಾಗಿ ರೂಪಿಸಿದ ಗೋಥಿಕ್ ಲಿಪಿ 2001ರ 3.1 ಆವೃತ್ತಿಯಲ್ಲಿ ಸೇರಿತು. ಆದರೆ ಶತಮಾನಗಳ ಕಾಲ ಜರ್ಮನ್ ಪುಸ್ತಕಗಳನ್ನು ಅಚ್ಚಿಸಿದ ಫ್ರಾಕ್ಟೂರ್ ಅಕ್ಷರಗಳಿಗಾಗಲಿ, ಪತ್ರಗಳನ್ನು ಬರೆದ ಕುರೆಂಟ್ ಕೈಬರಹಕ್ಕಾಗಲಿ ಪ್ರತ್ಯೇಕ ಲಿಪಿಯ ಸ್ಥಾನ ದೊರೆಯಲಿಲ್ಲ. ಅವು ರೋಮನ್ ಲಿಪಿಯ ಶೈಲಿಗಳೆಂದೇ ಪರಿಗಣಿತವಾದವು. ಹಳೆಯ ಉದ್ದನೆಯ ‘ಎಸ್’ ಅಕ್ಷರಕ್ಕೆ ಮಾತ್ರ ಬೇರೆ ಸಂಕೇತವಿದೆ.

ಕುರೆಂಟ್ ಬರಹದ ಕಥೆ ಬೀದರದ ಮೋಡಿಯ ಕಥೆಗೆ ಹತ್ತಿರದ್ದಾಗಿದೆ. ಲೂಡ್ವಿಗ್ ಸುಟರ್ಲಿನ್ 1911ರಲ್ಲಿ ಶಾಲಾ ಮಕ್ಕಳಿಗಾಗಿ ಅದರ ಸರಳ ರೂಪವೊಂದನ್ನು ಸಿದ್ಧಪಡಿಸಿದನು. 1941ರಲ್ಲಿ ನಾತ್ಸಿ ಸರಕಾರವು ಫ್ರಾಕ್ಟೂರ್ ಅಚ್ಚನ್ನೂ ಹಳೆಯ ಶಾಲಾಬರಹವನ್ನೂ ಆಜ್ಞೆಯ ಮೂಲಕ ಕೈಬಿಟ್ಟಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜಿಯ ಪತ್ರವನ್ನು ಮೊಮ್ಮಗ ಓದಲಾರದವನಾದನು. ಇಂದು ಅಲ್ಲಿ ಕುರೆಂಟ್ ಮತ್ತು ಸುಟರ್ಲಿನ್ ಫಾಂಟುಗಳ ಬಹುದೊಡ್ಡ ಉಪಯೋಗವೆಂದರೆ ಓದು ಕಲಿಸುವುದು. ಕಲಿಯುವವನು ತನಗೆ ಗೊತ್ತಿರುವ ಮಾತನ್ನು ಗಣಕದಲ್ಲಿ ಹಳೆಯ ಅಕ್ಷರದಲ್ಲಿ ಕಂಡು, ಆ ಪರಿಚಯದಿಂದ ಮೂಲ ಪತ್ರದ ಕಡೆಗೆ ಹೋಗುತ್ತಾನೆ. ಈ ಸಂಗತಿ ಕನ್ನಡಕ್ಕೆ ತೀರ ಹೊರಗಿನದೇನೂ ಅಲ್ಲ. 1834ರಿಂದ ಕರ್ನಾಟಕದಲ್ಲಿ ಕೆಲಸ ಮಾಡಿದ ಬಾಸೆಲ್ ಮಿಶನ್ನಿನ ಪಾದ್ರಿಗಳ ಜರ್ಮನ್ ವರದಿಗಳು ಇದೇ ಕುರೆಂಟ್ ಕೈಬರಹದಲ್ಲಿವೆ. ಕನ್ನಡನಾಡಿನ 19ನೆಯ ಶತಮಾನದ ಸಾಮಾಜಿಕ ಚರಿತ್ರೆಯ ಒಂದು ಭಾಗವನ್ನು ತಿಳಿಯಲು ಮರೆತುಹೋದ ಜರ್ಮನ್ ಬರಹವನ್ನು ಓದಬೇಕಾಗುತ್ತದೆ.

ಈ ಅಳತೆಗೋಲನ್ನು ಬೀದರ ಸೀಮೆಗೆ ಅನ್ವಯಿಸಿದರೆ ಚಿತ್ರ ಹೀಗಿದೆ. ಮೋಡಿಗೆ 2014ರಲ್ಲಿ ಯೂನಿಕೋಡ್ 7.0 ಆವೃತ್ತಿಯಲ್ಲಿ ಪ್ರತ್ಯೇಕ ಲಿಪಿಯ ಸ್ಥಾನ ಲಭಿಸಿತು. ಪಾರಸಿ ಲೆಕ್ಕಪತ್ರಗಳಲ್ಲಿ ಬಳಕೆಯಾಗುತ್ತಿದ್ದ ಸಿಯಾಕ್ ಅಂಕಿಗಳ ಭಾರತೀಯ ರೂಪಕ್ಕೆ 2018ರ 11.0 ಆವೃತ್ತಿಯಲ್ಲಿ ಸ್ಥಾನ ದೊರೆಯಿತು. ಇವೆರಡರ ಪ್ರಸ್ತಾವನೆಗಳನ್ನೂ ಸಿದ್ಧಪಡಿಸಿದವರು ಅಂಶುಮಾನ್ ಪಾಂಡೆ ಎಂಬ ವಿದ್ವಾಂಸರು. ಕರ್ನಾಟಕದ ಇತರ ಲಿಪಿಗಳಲ್ಲಿ ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಸೇರಿದವು. ನಸ್ತಾಲೀಖ್, ನಸ್ಖ್, ಸುಲುಸ್, ಕೂಫಿಗಳು ಅರಬ್ಬಿ ಲಿಪಿಯ ಶೈಲಿಗಳಾಗಿಯೂ, ಚಾಲುಕ್ಯರ ಕಾಲದ ಕನ್ನಡ ಅಕ್ಷರಗಳು ಕನ್ನಡ ಲಿಪಿಯ ಹಿಂದಿನ ರೂಪಗಳಾಗಿಯೂ ಉಳಿಯುತ್ತವೆ.

4. ಮೋಡಿ: ಸಂಕೇತ ಸಿಕ್ಕಿದೆ, ಕೈ ಸಿಕ್ಕಿಲ್ಲ

ಮೋಡಿಯನ್ನು ದೇವಗಿರಿ ಯಾದವರ ಮಂತ್ರಿ ಹೇಮಾದ್ರಿ ಪಂಡಿತ, ಅಂದರೆ ಹೇಮಾಡಪಂತನು 13ನೆಯ ಶತಮಾನದಲ್ಲಿ ಬಳಕೆಗೆ ತಂದನೆಂದು ಪ್ರತೀತಿ ಇದೆ. ಆತನು ಅದನ್ನು ಲಂಕೆಯಿಂದ ತಂದನೆಂಬ ಐತಿಹ್ಯವೂ ಪ್ರಚಲಿತವಾಗಿದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಬರಹವೊಂದು ದೂರದ, ರಾಕ್ಷಸರ ನಾಡಿನಿಂದ ಬಂದಿತೆಂಬ ಕಲ್ಪನೆಯು ಅದರ ದುರ್ಗಮತೆಗೆ ಜನಪದರು ಕೊಟ್ಟ ವಿವರಣೆಯಂತಿದೆ.

ಮೋಡಿಯ ಲಕ್ಷಣಗಳೆಲ್ಲವೂ ವೇಗದಿಂದ ಹುಟ್ಟಿದವು. ಲೆಕ್ಕಿಗನು ಬೋರು ಎಂಬ ಜೊಂಡಿನ ಲೇಖನಿಯಿಂದ ಮೊದಲು ಹಾಳೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ತಲೆಗೆರೆ ಎಳೆಯುತ್ತಿದ್ದನು. ಬಳಿಕ ಲೇಖನಿಯನ್ನು ಆದಷ್ಟು ಎತ್ತದೆ ಅಕ್ಷರಗಳನ್ನು ಆ ಗೆರೆಗೆ ತೂಗುಹಾಕುತ್ತ ಹೋಗುತ್ತಿದ್ದನು. ಪದಗಳ ನಡುವೆ ಸಾಮಾನ್ಯವಾಗಿ ಅಂತರವಿಲ್ಲ. ಇಕಾರ ಮತ್ತು ಉಕಾರಗಳಲ್ಲಿ ಹ್ರಸ್ವದೀರ್ಘಗಳ ಭೇದವನ್ನು ಸಾಮಾನ್ಯವಾಗಿ ಪಾಲಿಸುವುದಿಲ್ಲ. ಕೆಲವು ವ್ಯಂಜನಗಳು ಸ್ವರ ಸೇರಿದಾಗ ಗುರುತು ಸಿಗದಷ್ಟು ರೂಪ ಬದಲಿಸುತ್ತವೆ. ಮೇಲಿಂದ ಮೇಲೆ ಬರುವ ಪದಗಳನ್ನು ಮೊಟಕುಗೊಳಿಸಿ ಚಿಹ್ನೆ ಹಾಕುವ ಪದ್ಧತಿಯೂ ಉಂಟು. ಇದರ ಜೊತೆಗೆ ಕಾಗದದ ಕಾಲವನ್ನು ಫಸಲಿಯಲ್ಲಿಯೋ ಸುಹೂರ್ ಸನ್ನಿನಲ್ಲಿಯೋ ಹೇಳಿರುತ್ತಾರೆ. ಸುಹೂರ್ ವರ್ಷವನ್ನು ಅರಬ್ಬಿ ಸಂಖ್ಯಾವಾಚಕಗಳಲ್ಲಿ ಬರೆಯುವುದು ರೂಢಿ. ಮರಾಠಿ ವಾಕ್ಯ, ಪಾರಸಿ ಪರಿಭಾಷೆ, ಅರಬ್ಬಿ ವರ್ಷ ಇವು ಮೂರೂ ಒಂದೇ ತಲೆಗೆರೆಯ ಕೆಳಗೆ ಬರುತ್ತವೆ. ಭಾಲ್ಕಿ-ಔರಾದ ಭಾಗದ ಕಾಗದಗಳಲ್ಲಿ ಕನ್ನಡದ ಊರ ಹೆಸರು, ಹೊಲದ ಹೆಸರುಗಳೂ ಇವುಗಳ ಜೊತೆಗೂಡುತ್ತವೆ.

ಮರಾಠಿ ಲಿಪಿತಜ್ಞರು ಮೋಡಿಯನ್ನು ಆದ್ಯಕಾಲೀನ, ಯಾದವಕಾಲೀನ, ಬಹಮನಿಕಾಲೀನ, ಶಿವಕಾಲೀನ, ಪೇಶ್ವೆಕಾಲೀನ, ಆಂಗ್ಲಕಾಲೀನ ಎಂದು ಕಾಲಾನುಗುಣವಾಗಿ ವಿಂಗಡಿಸುತ್ತಾರೆ. ಇವುಗಳಲ್ಲಿ ಒಂದು ಹಂತದ ಹೆಸರೇ ಕಲಬುರಗಿ-ಬೀದರಗಳಿಂದ ಆಳಿದ ಅರಸುಮನೆತನದ್ದು ಎಂಬುದು ಗಮನಾರ್ಹ. ಆದರೆ ಅಚ್ಚಿನ ಚರಿತ್ರೆಯಲ್ಲಿ ಈ ವೈವಿಧ್ಯಕ್ಕೆ ಸ್ಥಾನ ದೊರೆಯಲಿಲ್ಲ. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ 1810ರಲ್ಲಿ ಹೊರತಂದ ಮರಾಠಿ ನಿಘಂಟು ಮೋಡಿ ಅಚ್ಚುಮೊಳೆಗಳಲ್ಲಿ ಮುದ್ರಿತವಾಯಿತು. ಸೀಸದ ಮೊಳೆಯಲ್ಲಿ ಕೂಡುಬರಹವನ್ನು ಬಿಡಿಬಿಡಿಯಾಗಿ ಒಡೆಯಬೇಕಾಯಿತು. ಮುಂದೆ ಬಾಳಬೋಧ ಎಂದು ಕರೆಯಲಾದ ದೇವನಾಗರಿಯೇ ಮರಾಠಿ ಮುದ್ರಣದ ಲಿಪಿಯಾಯಿತು. 20ನೆಯ ಶತಮಾನದ ನಡುವಿನ ಹೊತ್ತಿಗೆ ಮೋಡಿ ಕೈಬರಹವೂ ಬಳಕೆಯಿಂದ ಹಿಂದೆ ಸರಿಯಿತು.

ಯೂನಿಕೋಡಿನ ಮೋಡಿ ವಿಭಾಗದಲ್ಲಿ 96 ಸ್ಥಾನಗಳಿದ್ದು, ಮೊದಲ ಬಾರಿಗೆ 79 ಸಂಕೇತಗಳನ್ನು ಭರ್ತಿ ಮಾಡಲಾಯಿತು. ಸ್ವರ, ವ್ಯಂಜನ, ಅಂಕಿಗಳಲ್ಲದೆ ಪದಸಂಕ್ಷೇಪದ ಚಿಹ್ನೆ ಮತ್ತು ಕಾಗದಪತ್ರಗಳಲ್ಲಿ ಬರುವ ‘ಹುವಾ’ ಎಂಬ ಚಿಹ್ನೆಗೂ ಸ್ಥಾನ ಸಿಕ್ಕಿರುವುದು ಆಡಳಿತ ಬರಹದ ಸ್ವರೂಪವನ್ನು ಗೌರವಿಸಿದ ಕ್ರಮವಾಗಿದೆ. ಇದಕ್ಕೂ ಮುಂಚೆ ಬಂದ ಕೆಲವು ಫಾಂಟುಗಳು ದೇವನಾಗರಿಯ ಸಂಕೇತಗಳ ಮೇಲೆಯೇ ಮೋಡಿಯ ಆಕಾರವನ್ನು ಹೊದಿಸಿದ್ದವು. ಫಾಂಟು ಬದಲಾದರೆ ಮೋಡಿ ಮಾಯವಾಗಿ ದೇವನಾಗರಿ ಉಳಿಯುತ್ತಿತ್ತು. ಪ್ರತ್ಯೇಕ ಸಂಕೇತ ಬಂದ ಮೇಲೆ ಈ ತೊಡಕು ನಿವಾರಣೆಯಾಯಿತು. ಗೂಗಲ್ ಸಂಸ್ಥೆಯ ನೋಟೋ ಮಾಲೆಯ ಮೋಡಿ ಫಾಂಟು ಇಂದು ಮುಕ್ತ ಪರವಾನಗಿಯಲ್ಲಿ ಲಭ್ಯವಿದೆ.

ಇಷ್ಟಾದರೂ ಫಾಂಟಿನಲ್ಲಿ ಕಾಣುವ ಮೋಡಿಗೂ ಕಾಗದದ ಮೋಡಿಗೂ ಅಂತರವಿದೆ. ಕೈಬರಹದಲ್ಲಿ ತಲೆಗೆರೆ ಮೊದಲು, ಅಕ್ಷರ ಆಮೇಲೆ. ಫಾಂಟಿನಲ್ಲಿ ಪ್ರತಿಯೊಂದು ಅಕ್ಷರವೂ ತನ್ನ ತುಂಡು ಗೆರೆಯನ್ನು ಹೊತ್ತು ಬಂದು ಪಕ್ಕದ ತುಂಡಿಗೆ ಅಂಟಿಕೊಳ್ಳುತ್ತದೆ. ಕೈಬರಹದಲ್ಲಿ ಒಂದೇ ಸಾಲಿನ ಎರಡು ‘ಕ’ಗಳು ಒಂದೇ ಬಗೆಯಾಗಿರುವುದಿಲ್ಲ. ಫಾಂಟಿನಲ್ಲಿ ಅವು ಪಡಿಯಚ್ಚಿನಂತಿರುತ್ತವೆ. ಇಕಾರದ ಹ್ರಸ್ವ ಮತ್ತು ದೀರ್ಘಗಳಿಗೆ ಯೂನಿಕೋಡ್ ಎರಡು ಸಂಕೇತಗಳನ್ನು ಕೊಟ್ಟಿದೆ. ಮೂಲದಲ್ಲಿ ಇಲ್ಲದ ಭೇದವನ್ನು ಲಿಪ್ಯಂತರಕಾರನು ಟೈಪಿಸುವಾಗ ತಾನೇ ನಿರ್ಣಯಿಸಬೇಕಾಗುತ್ತದೆ. ಪದವಿಂಗಡಣೆಯ ವಿಷಯವೂ ಹೀಗೆಯೇ. ಒಂದು ಹೊಲದ ಹೆಸರನ್ನು ಎಲ್ಲಿ ಒಡೆಯಬೇಕು ಎಂಬುದು ಮೇರೆಯ ವ್ಯಾಜ್ಯವನ್ನೇ ನಿರ್ಧರಿಸಬಹುದಾದ್ದರಿಂದ ಇದು ಸಣ್ಣ ಸಂಗತಿಯಲ್ಲ.

ಮುಖ್ಯವಾದ ಇನ್ನೊಂದು ಅಂತರವೆಂದರೆ ಮಾದರಿಯದು. ಕಲಿಕೆಯ ಪುಸ್ತಕಗಳ ಅಚ್ಚುಕಟ್ಟಾದ ಮೋಡಿಯನ್ನು ಅಥವಾ ಕೊನೆಯ ಕಾಲದ ದುಂಡು ಮೋಡಿಯನ್ನು ಅನುಸರಿಸಿ ಮಾಡಿದ ಫಾಂಟಿನಲ್ಲಿ ಓದು ಕಲಿತವನು ಔರಾದದ ಕುಲಕರ್ಣಿಯೊಬ್ಬನ ಅವಸರದ ಬರಹದ ಮುಂದೆ ತಡವರಿಸುವುದು ಖಂಡಿತ. ಮೋಡಿ ಬರಹವನ್ನು ಯಂತ್ರದಿಂದ ಓದಿಸಿ ದೇವನಾಗರಿಗೆ ತರುವ ಪ್ರಯೋಗಗಳು ಭಾರತದ ತಾಂತ್ರಿಕ ಸಂಸ್ಥೆಗಳಲ್ಲಿ ನಡೆದಿವೆ. ಯಂತ್ರವೂ ತಾನು ಕಂಡ ಮಾದರಿಗಳಿಂದಲೇ ಕಲಿಯುವುದರಿಂದ, ಬೀದರ ಸೀಮೆಯ ಕೈಬರಹವನ್ನು ಕಾಣದ ಯಂತ್ರವು ಅದನ್ನು ತಪ್ಪಾಗಿ ಓದುವ ಸಂಭವವೇ ಹೆಚ್ಚು.

ಹಳೆಯ ಕೈಬರಹವನ್ನು ಯಥಾವತ್ತಾಗಿ ಅನುಕರಿಸುವ ಫಾಂಟಿನಿಂದ ಒಂದು ಅಪಾಯವೂ ಇದೆ. ಭೂಮಿಯ ಬೆಲೆ ಏರಿರುವ ದಿನಗಳಲ್ಲಿ ‘ಹಳೆಯ’ ಕಾಗದವನ್ನು ಹೊಸದಾಗಿ ಸೃಷ್ಟಿಸುವ ಆಸೆ ಹುಟ್ಟಬಹುದು. ಇದಕ್ಕೆ ಫಾಂಟನ್ನು ಮಾಡದಿರುವುದು ಪರಿಹಾರವಲ್ಲ. ಮೂಲಪ್ರತಿಗಳ ಛಾಯಾಚಿತ್ರಗಳನ್ನು ದಿನಾಂಕ ಮತ್ತು ಸ್ಥಳಸಹಿತ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇರಿಸುವುದು ಮತ್ತು ಕೈಬರಹದ ಪರೀಕ್ಷೆ ಬಲ್ಲವರನ್ನು ಬೆಳೆಸುವುದು ಪರಿಹಾರ.

5. ಗೋಡೆಯ ಬರಹ ಮತ್ತು ಕಾಗದದ ನಸ್ತಾಲೀಖ್

ಬೀದರ ನಗರದ ಅರಬ್ಬಿ-ಪಾರಸಿ ಬರಹಗಳ ಸಮಸ್ಯೆ ಬೇರೆ ಬಗೆಯದು. 10ನೆಯ ಶತಮಾನದ ಇಬ್ನ್ ಮುಖ್ಲಾನ ಕಾಲದಿಂದ ಅರಬ್ಬಿ ಬರಹದ ಪ್ರಮಾಣವನ್ನು ಲೇಖನಿಯ ತುದಿ ಮೂಡಿಸುವ ಚುಕ್ಕೆಯಿಂದ ಅಳೆಯುವ ಪದ್ಧತಿ ಬೆಳೆದಿದೆ. ಅಲಿಫ್ ಇಷ್ಟು ಚುಕ್ಕೆ ಎತ್ತರ, ಇನ್ನೊಂದು ಅಕ್ಷರದ ಹೊಟ್ಟೆ ಇಷ್ಟು ಚುಕ್ಕೆ ಅಗಲ ಎಂಬ ಈ ಲೆಕ್ಕ ಫಾಂಟು ತಯಾರಿಕೆಗೆ ಅನುಕೂಲವಾಗಿಯೇ ಇದೆ. ಆದರೆ ಚೌಖಂಡಿಯ ಬಾಗಿಲಿನ ಸುಲುಸ್ ಬರಹ ಸಾಲಿನಲ್ಲಿ ಸಾಗುವಂತಹುದಲ್ಲ. ಪದಗಳು ಒಂದರ ಮೇಲೊಂದು ಏರಿ, ಅಕ್ಷರಗಳ ಉದ್ದ ಗೆರೆಗಳು ಇನ್ನೊಂದು ಪದವನ್ನು ಹಾಯ್ದು, ಇಡೀ ಪಟ್ಟಿಯೇ ಒಂದು ರಚನೆಯಾಗಿ ನಿಲ್ಲುತ್ತದೆ. ಅಲ್ಲಿ ಲಿಪಿಕಾರನು ಕಲ್ಲಿನ ಅಳತೆಗೆ ತಕ್ಕಂತೆ ಅಕ್ಷರವನ್ನು ಹಿಗ್ಗಿಸಿದ್ದಾನೆ, ಕುಗ್ಗಿಸಿದ್ದಾನೆ. ಇಂತಹ ಬರಹದಿಂದ ಅಕ್ಷರಗಳನ್ನು ಬಿಡಿಸಿ ಫಾಂಟು ಮಾಡಿದರೆ ದೊರೆಯುವುದು ಅದರ ಧಾತುಗಳು ಮಾತ್ರ. ಆದ್ದರಿಂದ ಸ್ಮಾರಕಗಳ ಬರಹಕ್ಕೆ ಮೊದಲು ಆಗಬೇಕಾದುದು ಇಡೀ ಪಟ್ಟಿಯ ನಿಖರವಾದ ರೇಖಾಪ್ರತಿ. ಮದರಸಾದ ಹೆಂಚುಗಳು ಉದುರಿರುವಲ್ಲಿ ಕಾಣದ ಅಕ್ಷರವನ್ನು ಊಹಿಸಿ ತುಂಬಿದರೆ ಅದನ್ನು ಬೇರೆ ಬಣ್ಣದಲ್ಲಿ ತೋರಿಸುವ ಶಾಸನಶಾಸ್ತ್ರದ ಶಿಸ್ತು ಇಲ್ಲಿಯೂ ಅಗತ್ಯ.

ಕಚೇರಿಯ ಉರ್ದು ಬರಹವಾದ ನಸ್ತಾಲೀಖ್‌ನಲ್ಲಿ ಪ್ರತಿಯೊಂದು ಪದಗುಚ್ಛವೂ ಬಲಗಡೆಯ ಮೇಲಿನಿಂದ ಎಡಗಡೆಯ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಮುಂದೆ ಬರುವ ಅಕ್ಷರವನ್ನು ನೋಡಿಕೊಂಡು ಹಿಂದಿನದು ತನ್ನ ರೂಪವನ್ನೂ ಎತ್ತರವನ್ನೂ ಬದಲಿಸುತ್ತದೆ. ಸೀಸದ ಮೊಳೆ ಇದಕ್ಕೆ ಒಗ್ಗದ ಕಾರಣ ಉರ್ದು ಪತ್ರಿಕೆಗಳು ಬಹುಕಾಲ ಕಾತಿಬರ ಕೈಬರಹವನ್ನೇ ಕಲ್ಲಚ್ಚಿನಲ್ಲಿ ಮುದ್ರಿಸಿದವು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಮೋನೊಟೈಪ್ ಸಂಸ್ಥೆಯೊಡನೆ ಸಿದ್ಧಪಡಿಸಿದ ನೂರಿ ನಸ್ತಾಲೀಖ್‌ನಲ್ಲಿ ಸುಮಾರು 20,000 ಪದಗುಚ್ಛಗಳನ್ನು ಒಂದೊಂದಾಗಿ ಕೈಯಿಂದ ಬರೆದು ಸೇರಿಸಲಾಯಿತು. ಯಂತ್ರಕ್ಕೆ ಅಕ್ಷರ ಕೊಟ್ಟುದು ಒಬ್ಬ ಲಿಪಿಕಾರನ ಕೈಯೇ. ಇಂದಿನ ಫಾಂಟುಗಳಲ್ಲಿ ಅದೇ ಕೆಲಸವನ್ನು ಕೆಲವು ನೂರು ಆಕೃತಿಗಳು ಮತ್ತು ಅವುಗಳನ್ನು ಕೂಡಿಸುವ ನಿಯಮಗಳು ಮಾಡಬಲ್ಲವು.

6. ಕನ್ನಡದ ಹಿಂದಿನ ರೂಪಗಳು

ಚಾಲುಕ್ಯರ ಕಾಲದ ಕನ್ನಡ ಬರಹಕ್ಕೂ ಇಂದಿನ ಕನ್ನಡಕ್ಕೂ ಯೂನಿಕೋಡಿನಲ್ಲಿ ಒಂದೇ ವಿಭಾಗ. ಇದು ಸರಿಯಾದ ಕ್ರಮವೇ ಆಗಿದೆ, ಏಕೆಂದರೆ ಪರಂಪರೆ ಎಲ್ಲಿಯೂ ಕಡಿದಿಲ್ಲ. ಆದರೆ ಇದರ ಪರಿಣಾಮವಾಗಿ 11ನೆಯ ಶತಮಾನದ ಅಕ್ಷರರೂಪವನ್ನು ಉಳಿಸುವ ಹೊಣೆ ಸಂಪೂರ್ಣವಾಗಿ ಫಾಂಟಿನ ಮೇಲೆ ಬೀಳುತ್ತದೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೆ ಸಂಕೇತಗಳಿವೆ. ಇವುಗಳಲ್ಲಿ ೞಕಾರಕ್ಕೆ ಯೂನಿಕೋಡ್ ಆರಂಭದಲ್ಲಿ ತಪ್ಪಾಗಿ ‘ಫ’ ಎಂದು ಹೆಸರಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಆ ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಕೊಡಬೇಕಾಯಿತು. ಭಾಷೆ ಬಲ್ಲವರು ಆರಂಭದಲ್ಲಿಯೇ ಪಾಲುಗೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಉದಾಹರಣೆ.

ಕನ್ನಡ ಗಣಕೀಕರಣದಲ್ಲಿ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವು ಮುಖ್ಯ ಮೈಲಿಗಲ್ಲುಗಳು. ಇವೆಲ್ಲವುಗಳ ಗುರಿ ಇಂದಿನ ಕನ್ನಡದ ಬರವಣಿಗೆ ಮತ್ತು ಮುದ್ರಣ. ಶಾಸನಾಕ್ಷರಗಳ ಫಾಂಟು ಬೇರೆಯೇ ಬಗೆಯ ಶಿಸ್ತನ್ನು ಬೇಡುತ್ತದೆ. ಒಂದು ಶತಮಾನದ ಅನೇಕ ಶಾಸನಗಳಿಂದ ಅಕ್ಷರಗಳನ್ನು ಆರಿಸಿ ಸರಾಸರಿ ರೂಪವೊಂದನ್ನು ಮಾಡಿದರೆ ಅದು ಯಾವ ಶಾಸನದ ಬರಹವೂ ಆಗುವುದಿಲ್ಲ. ಒಂದೇ ಶಾಸನವನ್ನು ಆಧರಿಸಿದರೆ ಅದರಲ್ಲಿ ಬಾರದ ಅಕ್ಷರಗಳಿಗೆ ಆಧಾರವಿರುವುದಿಲ್ಲ. ಒಂದು ಶಾಸನವನ್ನು ಮೂಲವಾಗಿಟ್ಟುಕೊಂಡು, ಕೊರತೆಯ ಅಕ್ಷರಗಳನ್ನು ಅದೇ ಸೀಮೆಯ ಸಮಕಾಲೀನ ಶಾಸನಗಳಿಂದ ತುಂಬಿ, ಯಾವುದು ಎಲ್ಲಿಯದು ಎಂಬ ಪಟ್ಟಿಯನ್ನು ಫಾಂಟಿನೊಡನೆ ಕೊಡುವುದು ಇವೆರಡರ ನಡುವಿನ ದಾರಿ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಯೂನಿಕೋಡ್ ಲಿಪಿಗೆ ಸ್ಥಾನ ಕೊಡುತ್ತದೆಯೇ ಹೊರತು ಕೈಬರಹಕ್ಕಲ್ಲ. ಕೈಬರಹದ ವೈಶಿಷ್ಟ್ಯ ಇರುವುದು ಮನೆತನಗಳ ಪೆಟ್ಟಿಗೆಗಳಲ್ಲಿ, ಮಠ-ದರ್ಗಾಗಳ ಕಟ್ಟುಗಳಲ್ಲಿ, ತಹಸೀಲು ಕಚೇರಿಗಳ ದಾಖಲೆಕೋಣೆಗಳಲ್ಲಿ. ಅದನ್ನು ಸಂಗ್ರಹಿಸುವ ಕೆಲಸಕ್ಕೆ ಲಿಪಿತಜ್ಞನಷ್ಟೇ ಜಾನಪದ ಕ್ಷೇತ್ರಕಾರ್ಯಕರ್ತನೂ ಬೇಕು. ಕಾಗದವನ್ನು ಬರೆದ ಮನೆತನ ಯಾವುದು, ಅದು ಯಾವ ಊರಿನ ಲೆಕ್ಕ ಬರೆಯುತ್ತಿತ್ತು, ಹೊಲದ ಹೆಸರಿನ ಉಚ್ಚಾರಣೆ ಏನು ಎಂಬುದನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯಬೇಕು. ಹೊಲದ ಹೆಸರು ಜನರ ಬಾಯಲ್ಲಿದ್ದರೆ ಕಾಗದದ ಹ್ರಸ್ವದೀರ್ಘಗಳ ಗೊಂದಲ ತಾನಾಗಿ ಬಗೆಹರಿಯುತ್ತದೆ. ಇಲ್ಲಿ ಮೌಖಿಕ ಪರಂಪರೆಯೇ ಲಿಖಿತಕ್ಕೆ ಸಾಕ್ಷಿ.

ಸಂಗ್ರಹವಾದ ಪ್ರತಿಗಳಿಂದ ಬೀದರ, ಭಾಲ್ಕಿ, ಔರಾದ ಭಾಗಗಳ ಕಾಲನಿಶ್ಚಿತ ಬರಹಗಳ ಅಕ್ಷರಪಟ್ಟಿಗಳನ್ನು ಸಿದ್ಧಪಡಿಸಬೇಕು. ಮುಕ್ತ ಪರವಾನಗಿಯಲ್ಲಿರುವ ಫಾಂಟುಗಳನ್ನು ತಿದ್ದಿ ವಿಸ್ತರಿಸಲು ಅವಕಾಶವಿರುವುದರಿಂದ, ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾದ ಹೊರೆ ಇಲ್ಲ. ಒಂದೇ ಅಕ್ಷರದ ಹಲವು ರೂಪಾಂತರಗಳನ್ನು ಒಂದೇ ಫಾಂಟಿನಲ್ಲಿ ಇರಿಸಿ ಸಂದರ್ಭಕ್ಕೆ ತಕ್ಕಂತೆ ಬದಲಿಸುವ ಸೌಲಭ್ಯ ಇಂದಿನ ಓಪನ್‌ಟೈಪ್ ತಂತ್ರದಲ್ಲಿದೆ. ಮೂರು ರಾಜ್ಯಗಳಲ್ಲಿ ಹಂಚಿಹೋಗಿರುವ ಹಳೆಯ ಬೀದರ ಜಿಲ್ಲೆಯ ದಾಖಲೆಗಳನ್ನು ಒಟ್ಟಿಗೆ ನೋಡುವ ಏರ್ಪಾಟು ಇಲ್ಲದೆ ಈ ಅಕ್ಷರಪಟ್ಟಿಗಳು ಪೂರ್ಣವಾಗಲಾರವು.

ಫಾಂಟು ಈ ಕೆಲಸದ ಕೊನೆಯಲ್ಲ. ಜರ್ಮನ್ ಉದಾಹರಣೆ ತೋರಿಸುವಂತೆ ಅದು ಓದು ಕಲಿಸುವ ಸಾಧನ. ಆಮಂತ್ರಣ ಪತ್ರಿಕೆಯ ಅಥವಾ ಅಂಗಡಿ ಫಲಕದ ಅಲಂಕಾರವಾಗಿ ಮಾತ್ರ ಮೋಡಿ ಉಳಿದರೆ, ಸೆಟವಿಯ ಬರಹದಂತೆ ಅದೂ ಓದಲಾರದ ಆಕಾರವಾಗಿಯೇ ಉಳಿಯುತ್ತದೆ. ಔರಾದ ತಾಲೂಕಿನ ಒಂದು ಮನೆಯವರು ತಮ್ಮ ಪೆಟ್ಟಿಗೆಯ ಸನದನ್ನು ಬಿಡಿಸಿ, ಅದರಲ್ಲಿರುವ ಹೊಲದ ಹೆಸರನ್ನೂ ಅಜ್ಜನ ಹೆಸರನ್ನೂ ತಾವೇ ಓದಿಕೊಳ್ಳುವಂತಾದರೆ ಈ ಅಕ್ಷರವಿನ್ಯಾಸದ ಶ್ರಮ ಸಾರ್ಥಕವಾದಂತೆ.